ಹಾಲಿನ ಕ್ಯಾನಿಗೆ ಹೋದ ಹಾಳೆ

ಆ ತತ್ವಜ್ಞಾನಿಯ ಹೆಸರು ನಮ್ಮ ಬಿ.ಎ. ಪಠ್ಯದಲ್ಲಿತ್ತು. ಇಲ್ಲಿ ನಾನು ಬರೆಯುವುದಿಲ್ಲ. ಆಳುವವರನ್ನು ಜನ ಇಳಿಸಬಹುದು ಎಂದು ಪುಸ್ತಕ ಬರೆದ ಆ ಮಹಾರಾಯ ಬದುಕಿರುವ ತನಕ ಅದರ ಮೇಲೆ ತನ್ನ ಹೆಸರು ಹಾಕಲಿಲ್ಲ. ಸಾಯುವ ಮುಂಚೆ ಉಯಿಲಿನಲ್ಲಿ ಮಾತ್ರ ಅದು ತನ್ನದೇ ಎಂದು ಒಪ್ಪಿಕೊಂಡ. ಮುನ್ನೂರು ವರ್ಷದ ಹಿಂದಿನ ಆ ಇಂಗ್ಲಿಷಿನವನ ಪುಕ್ಕಲುತನ ಕೇಳಿ ತರಗತಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ನಾನೇ. ಆಗ ನನಗೆ ಹತ್ತೊಂಬತ್ತು. ತುರ್ತು ಪರಿಸ್ಥಿತಿಯ ಎರಡನೇ ವರ್ಷ ಅದು.

ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು ಚಿನ್ನದ ಗಣಿ ಕಾರ್ಮಿಕರ ಸಾಲುಮನೆಗಳ ಊರಿಗಾಂ ಲೈನಿನವರು. ಅವರ ಅಪ್ಪ ಗಣಿಯೊಳಗೆ ಇಳಿದು ಮಗನನ್ನು ಎಂ.ಎ. ಓದಿಸಿದ್ದರು. ಮನೆಯಲ್ಲಿ ತಮಿಳು, ತರಗತಿಯಲ್ಲಿ ಅಚ್ಚುಕಟ್ಟಾದ ಕನ್ನಡ. ನಾನು ನಕ್ಕಾಗ ಅವರು ಬೈಯಲಿಲ್ಲ. ಆ ತತ್ವಜ್ಞಾನಿಯ ಕಾಲದಲ್ಲಿ, ಬರೆದು ಮೇಜಿನೊಳಗೆ ಇಟ್ಟಿದ್ದ ಕಾಗದವನ್ನೇ ಸಾಕ್ಷಿ ಮಾಡಿ ಒಬ್ಬನ ತಲೆ ತೆಗೆಸಿದ್ದರಂತೆ. ವೈದ್ಯಕೀಯ ಕಲಿತಿದ್ದ ಇವನು ಹಾಲೆಂಡಿಗೆ ಓಡಿಹೋಗಿ, ಬೇರೆ ಹೆಸರಿಟ್ಟುಕೊಂಡು ಅವಿತಿದ್ದನಂತೆ. ಭಯ ಇದ್ದವನು ಬರೆದ ಅನ್ನೋದೇ ದೊಡ್ಡದು, ಭಯ ಇಲ್ಲದವನಿಗೆ ಬರೆಯೋದೇನು ಕಷ್ಟ ಅಂದರು ಮೇಷ್ಟ್ರು. ಆಮೇಲೆ ನೋಟ್ಸ್ ಹೇಳಿದರು: ಸರ್ಕಾರ ಜನ ಒಪ್ಪಿ ಕೊಟ್ಟಿದ್ದು, ನಂಬಿಕೆಯ ಮೇಲೆ ಕೊಟ್ಟಿದ್ದು. ನಂಬಿಕೆ ಕೆಡಿಸಿದರೆ ಕೊಟ್ಟವರೇ ವಾಪಸು ತೆಗೆದುಕೊಳ್ಳಬಹುದು. ಬರೆಸುತ್ತಾ ಬರೆಸುತ್ತಾ ಕಿಟಕಿಯ ಕಡೆ ತಿರುಗಿ, ಇದನ್ನು ಓದುವಾಗ ಒಂದು ಸಲ ಹೊರಗೂ ನೋಡಿ ಅಂದರು. ಮೇಷ್ಟ್ರ ಬಾಯಿಂದ ಬಿದ್ದದ್ದನ್ನೆಲ್ಲ ಬರೆದುಕೊಳ್ಳುವ ಚಾಳಿ ನನ್ನದು. ಅದನ್ನೂ ಅಂಚಿನಲ್ಲಿ ಬರೆದುಕೊಂಡೆ.

ಕ್ಯಾಸಂಬಳ್ಳಿ ಹತ್ತಿರದ ನಮ್ಮ ಹಳ್ಳಿಗೆ ಬಂದು ಅಪ್ಪನಿಗೂ ಇದನ್ನೆಲ್ಲ ವಿವರಿಸಿದೆ. ಅಪ್ಪನಿಗೆ ಓದು ಬರಹ ಬಾರದು. ಹಾಲು ಕರೆಯುತ್ತಲೇ ಕೇಳಿ, ಇದೇನು ಹೊಸ ವಿಷಯ ಅಂದ. ನಮ್ಮ ಕಡೆ ಹಸುವನ್ನು ಪಾಲಿಗೆ ಕೊಡುವುದುಂಟು. ಹಸು ನಮ್ಮದು, ಸಾಕುವುದು ಅವರು, ಹುಟ್ಟಿದ ಕರು ಇಬ್ಬರಿಗೂ. ಮೇವು ಹಾಕದೆ ಸೊರಗಿಸಿದರೆ ಯಾರನ್ನೂ ಕೇಳದೆ ಹಗ್ಗ ಬಿಚ್ಚಿಕೊಂಡು ಬರಬಹುದು. ಅಷ್ಟು ಹೇಳೋಕೆ ಆ ಮನುಷ್ಯ ಹಾಲೆಂಡಿಗೆ ಯಾಕೆ ಓಡಿಹೋದ ಅಂತ ಅಪ್ಪನಿಗೆ ಅರ್ಥವೇ ಆಗಲಿಲ್ಲ.

ನನಗೂ ಆಗ ಅರ್ಥವಾಗಿರಲಿಲ್ಲ, ಅನ್ನಿ. ಆದರೆ ಭಯ ಊರಲ್ಲೇ ಇತ್ತು. ರಾಬರ್ಟ್‌ಸನ್‌ಪೇಟೆಯ ಟೀ ಅಂಗಡಿಗಳಲ್ಲಿ ಜನ ಗುಸುಗುಸು ಮಾತಾಡುತ್ತಿದ್ದರು. ರೈಲಿನಲ್ಲಿ ಏನೋ ಅಂದ ಅಂತ ಒಬ್ಬನನ್ನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿಸಿಕೊಂಡು ಹೋದರಂತೆ. ಅವನು ಮನೆಗೆ ಬಂದನೋ ಇಲ್ಲವೋ ಯಾರೂ ಹೇಳಲಿಲ್ಲ.

ಅಪ್ಪ ಸೈಕಲ್ಲಿನಲ್ಲಿ ರಾಬರ್ಟ್‌ಸನ್‌ಪೇಟೆಗೆ ಹಾಲು ಹಾಕುತ್ತಿದ್ದ. ಕ್ಯಾನಿನ ಮುಚ್ಚಳ ಸಡಿಲ, ದಾರಿಯೆಲ್ಲ ಗುಂಡಿ. ಹಾಲು ತುಳುಕದಿರಲಿ ಅಂತ ಬಾಯಿಗೆ ರಾಗಿ ಹುಲ್ಲು ತುರುಕಿ ಮುಚ್ಚುತ್ತಿದ್ದ. ಒಂದು ದಿನ ಜಡಿಮಳೆಗೆ ಹುಲ್ಲೆಲ್ಲ ನೆನೆದಿತ್ತು. ನಾನಿನ್ನೂ ಎದ್ದಿರಲಿಲ್ಲ. ಅಪ್ಪ ನನ್ನ ನೋಟ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡ. ಖಾಲಿ ಹಾಳೆ ಮುಟ್ಟಲಿಲ್ಲ, ಪಾಪ. ಬರೆದಾಗಿದೆ ಅಂದಮೇಲೆ ಆ ಹಾಳೆಯ ಕೆಲಸ ಮುಗಿಯಿತು ಅಂತ ಅವನ ಎಣಿಕೆ.

ಅಪ್ಪ ಹಾಲು ಹಾಕುವ ಮನೆಗಳಲ್ಲಿ ಪೊಲೀಸ್ ಇನ್‌ಸ್ಪೆಕ್ಟರರದೂ ಒಂದು.

ಮಧ್ಯಾಹ್ನ ವಾಪಸು ಬಂದವನ ಮುಖ ಅರಳಿತ್ತು. ಕ್ಯಾನಿನ ಬಾಯಲ್ಲಿದ್ದ ಕಾಗದವನ್ನು ಸಾಹೇಬರು ಬಿಡಿಸಿ ಓದಿದರಂತೆ, ಎರಡೆರಡು ಸಲ ಓದಿದರಂತೆ, ಬರೆದವರನ್ನು ನಾಳೆ ಕರೆದುಕೊಂಡು ಬಾ ಅಂದರಂತೆ. ನಾನು ಓಡಿ ಪುಸ್ತಕ ತೆಗೆದೆ. ಹರಿದಿದ್ದು ಆ ಪಾಠದ ಹಾಳೆಯನ್ನೇ, ಅಂಚಿನ ಸಾಲೂ ಅದರಲ್ಲೇ ಇತ್ತು. ತಲೆ ತೆಗೆಸಿಕೊಂಡ ಆ ಮನುಷ್ಯನೇ ಕಣ್ಣ ಮುಂದೆ ಬರುತ್ತಿದ್ದ. ಹೋಗದಿದ್ದರೆ ಅವರೇ ಬರುತ್ತಾರೆ ಅನ್ನುವ ಭಯಕ್ಕೆ ಮರುದಿನ ಅಪ್ಪನ ಜೊತೆ ಹೊರಟೆ. ದಾರಿಯಲ್ಲಿ ಸಿಕ್ಕಿದ ಕಾಗದ ಅಂತ ಹೇಳಿಬಿಡುವುದು ಅಂದುಕೊಂಡೆ, ಆದರೆ ಅದನ್ನು ಅಪ್ಪನಿಗೆ ಹೇಳಿಕೊಡಲು ಮರೆತೆ.

ಇನ್‌ಸ್ಪೆಕ್ಟರರು ವರಾಂಡದಲ್ಲಿ ಬನಿಯನ್ನಿನಲ್ಲಿ ಕೂತಿದ್ದರು. ಹಾಲಿನ ಕಲೆಯಾದ ನನ್ನ ಹಾಳೆ ಅವರ ತೊಡೆಯ ಮೇಲಿತ್ತು. ಇದನ್ನು ಬರೆದವರು ಯಾರು ಅಂತ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಪ್ಪ ಒಂದು ಹೆಜ್ಜೆ ಮುಂದೆ ಬಂದ.

"ನಮ್ ಅಮ್ಮಣ್ಣಿದೇ ಸ್ವಾಮಿ ಅಕ್ಸರ. ಊರ್ಗೆಲ್ಲಾ ಕಾಗ್ದ ಬರ್ಕೊಡೋಳು ಇವ್ಳೇಯ. ಎಂಗ್ ಗುಂಡ್‌ಗುಂಡಗೈತೆ ನೋಡಿ."

ಓದಲು ಬಾರದ ಅಪ್ಪ ನನ್ನ ಅಕ್ಷರದ ಆಕಾರವನ್ನು ಗುರುತು ಹಿಡಿಯುತ್ತಿದ್ದ. ಸಾಹೇಬರು ಮೆಚ್ಚಿ ಕರೆಸಿದ್ದಾರೆ ಎಂದೇ ಅವನು ನಂಬಿದ್ದ.

ಇನ್‌ಸ್ಪೆಕ್ಟರರು ಅಂಚಿನ ಸಾಲಿನ ಮೇಲೆ ಬೆರಳಿಟ್ಟು, ಹೊರಗೆ ನೋಡಿ ಅಂದವರು ಯಾರು ಅಂದರು. ಜೋರು ಮಾಡಲಿಲ್ಲ, ಎದ್ದು ನಿಲ್ಲಲೂ ಇಲ್ಲ. ಪುಸ್ತಕ ನೋಡಿ ಬರೆದೆ, ಅಂಚಿನದು ನನ್ನ ಮಾತು ಅಂದಿದ್ದರೆ ಮುಗಿಯುತ್ತಿತ್ತು. ಹಾಲಿನವನ ಮಗಳನ್ನು ಏನು ಮಾಡುತ್ತಿದ್ದರು? ನಾನು ಮೇಷ್ಟ್ರ ಹೆಸರು ಹೇಳಿದೆ. ಕೇಳದಿದ್ದರೂ ಅವರ ಮನೆ ಯಾವ ಲೈನಿನಲ್ಲಿದೆ ಅಂತಲೂ ಹೇಳಿದೆ.

ವಾಪಸು ಬರುವಾಗ ಅಪ್ಪ ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ನಡೆದ. ಬಹಳ ದೂರ ಬಂದಮೇಲೆ, "ಮೇಷ್ಟ್ರಿಗೇನೂ ಆಗಾಕಿಲ್ಲ ಅಲ್ವಾ ಅಮ್ಮಣ್ಣಿ?" ಅಂದ. ಏನೂ ಆಗಲ್ಲ ಅಂದೆ. ಎಷ್ಟೋ ವರ್ಷ ನಾನು ತಪ್ಪನ್ನು ಅಪ್ಪನ ತಲೆಗೇ ಕಟ್ಟಿ ಆರಾಮಾಗಿದ್ದೆ. ಅಪ್ಪ ಹೇಳಿದ್ದು ಅಕ್ಷರ ಯಾರದು ಅಂತ ಮಾತ್ರ.

ಮೇಷ್ಟ್ರು ನಾಲ್ಕು ದಿನ ಕಾಲೇಜಿಗೆ ಬರಲಿಲ್ಲ. ಐದನೆಯ ದಿನ ಬಂದರು. ಪಾಠ ಮಾಡಲಿಲ್ಲ. ನನ್ನನ್ನು ಸ್ಟಾಫ್ ರೂಮಿಗೆ ಕರೆದರು. ದನಿ ಕೂತುಹೋಗಿತ್ತು, ಕುರ್ಚಿಯಲ್ಲಿ ಒಂದೇ ಪಕ್ಕಕ್ಕೆ ಭಾರ ಬಿಟ್ಟು ಕೂತಿದ್ದರು.

"ಯಾರೋ ನನ್ನ ಹೆಸರು ಹೇಳಿದಾರಮ್ಮ. ಯಾರದೋ ನೋಟ್ಸಿನ ಹಾಳೆ ಪೊಲೀಸರಿಗೆ ಸಿಕ್ಕಿದೆಯಂತೆ, ನನಗೆ ತೋರಿಸಲಿಲ್ಲ. ಯಾರು ಅಂತ ನನಗೂ ಬೇಡ, ಭಯಕ್ಕೆ ಹೇಳಿರ್ತಾರೆ. ನೀನು ಎಲ್ಲರ ನೋಟ್ಸಿಂದ ಆ ಪಾಠ ಹರಿದು ತಂದುಕೊಡು. ಇನ್ನೊಬ್ಬರಿಗೆ ಹೀಗಾಗೋದು ಬೇಡ. ನಿನ್ನನ್ನ ನಂಬಿ ಹೇಳ್ತಿದ್ದೀನಿ."

ಸಂಜೆಯೊಳಗೆ ಉಳಿದ ಎಲ್ಲರ ಹಾಳೆಗಳನ್ನೂ ಒಟ್ಟು ಮಾಡಿ ಅವರ ಮೇಜಿನ ಮೇಲಿಟ್ಟೆ. ಒಂದೊಂದಾಗಿ ಅಕ್ಷರ ನೋಡುತ್ತಾ ತಿರುವಿದರು. ಕೊನೆಯದು ಮುಗಿದರೂ ನನ್ನ ಅಕ್ಷರ ಸಿಗದಾಗ ಕೈ ನೀಡಿ ನನ್ನ ಪುಸ್ತಕ ಕೇಳಿದರು. ಕೊಡದೆ ಇರುವುದು ಹೇಗೆ? ಕೊಟ್ಟೆ.

ಆ ಪಾಠದ ಜಾಗ ತೆರೆದುಕೊಂಡಿತು. ಹಾಳೆ ಇರಲಿಲ್ಲ, ಹೊಲಿಗೆಯ ಹತ್ತಿರ ಅಡ್ಡಾದಿಡ್ಡಿ ಹರಿದ ಅಂಚು ಮಾತ್ರ ಇತ್ತು. ಮೇಷ್ಟ್ರು ಅದರ ಮೇಲೆ ಹೆಬ್ಬೆರಳು ಆಡಿಸಿದರು. ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿ, ಬಸ್ಸಿಗೆ ಹೊತ್ತಾಯಿತು, ಹೊರಡು ಅಂದರು.

ನಾನೇ ಸಾರ್, ಅಂತ ಆಗಲಾದರೂ ಹೇಳಬಹುದಿತ್ತು. ಈ ಸಲ ಎದುರಿಗೆ ಪೊಲೀಸರೂ ಇರಲಿಲ್ಲ. ಪುಸ್ತಕ ಎತ್ತಿಕೊಂಡು ಬಸ್ಸಿಗೆ ಹೋದೆ.