ತಡವಾಗಿ ಬಲಿತದ್ದು

ನಮ್ಮಕ್ಕ ಸೆಂಟು ಹಚ್ಚಿಕೊಂಡದ್ದನ್ನು ನಾನು ನೋಡಿಯೇ ಇಲ್ಲ. ಮಕ್ಕಳಾಗದವರ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳ ಕೆಲಸ. ಅಂಡಾಣುಗಳಿಗೆ ವಾಸನೆ ಆಗುವುದಿಲ್ಲವಂತೆ. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂತು, ಯಾವುದು ಬಲಿತಿದೆ, ಯಾವುದು ಎಳಸು ಎಂದು ಬೇರ್ಪಡಿಸಬೇಕು. ಬಲಿತದ್ದರ ಪಕ್ಕ ಒಂದು ಪುಟ್ಟ ಮಣಿ ಕಾಣುತ್ತದೆ. ತನ್ನ ವಂಶವಾಹಿಗಳ ಗಂಟಿನಲ್ಲಿ ಅರ್ಧವನ್ನು ಹಾಗೆ ಹೊರಗೆ ಹಾಕಿದರೇನೇ ಗಂಡಿನ ಅರ್ಧಕ್ಕೆ ಒಳಗೆ ಜಾಗ. ಮನೆಗೆ ಬರುವ ಹೊತ್ತಿಗೆ ಅಕ್ಕನ ಕುತ್ತಿಗೆ ಹಿಡಿದುಹೋಗಿರುತ್ತದೆ. "ಇವತ್ತು ಹೇಗಿತ್ತೇ?" ಅಂದರೆ "ಇತ್ತು" ಅನ್ನುತ್ತಾಳೆ, ಅಷ್ಟೇ.

ಸ್ವಂತದವರದ್ದನ್ನು ಮುಟ್ಟಬಾರದೆಂಬ ನಿಯಮ ಅಲ್ಲಿಲ್ಲ. ಇರಬೇಕಿತ್ತು. ಈ ಸಲ ಅವಳ ಕಣ್ಣ ಕೆಳಗೆ ಬರಬೇಕಾದದ್ದು ನನ್ನ ಅಂಡಾಣುಗಳು. ಎರಡು ಸಲ ಸೋತಿದ್ದೆ, ಸೂಜಿ ಚುಚ್ಚಿಸಿಕೊಂಡು ಹೊಟ್ಟೆ ಜರಡಿಯಾಗಿತ್ತು. ಇದೇ ಕೊನೆ ಎಂದು ತೀರ್ಮಾನಿಸಿ ನಾನೂ ನಮ್ಮವರೂ ಅಮ್ಮ, ಅಕ್ಕ ಇರುವ ಮನೆಗೆ ಬಂದು ಉಳಿದಿದ್ದೆವು.

ಅಂಡಾಣು ತೆಗೆಯುವ ಹಿಂದಿನ ಸಂಜೆ ನಮ್ಮವರು ಅಕ್ಕನ ಮುಂದೆ ಜಂಭ ಕೊಚ್ಚಿಕೊಂಡರು. "ಅತ್ತಿಗೆ, ಸಿಗರೇಟು ಬಿಟ್ಟು ಮೂರು ತಿಂಗಳಾಯ್ತು!"

"ಸದ್ಯ! ಗಂಡಸರದ್ದು ಬಿಡಪ್ಪ, ದಿನಾ ತಯಾರಾಗೋ ಸರಕು. ಒಂದು ವೀರ್ಯಾಣು ಹುಟ್ಟಿ ಬಲಿಯೋಕೆ ಎರಡೂವರೆ, ಮೂರು ತಿಂಗಳು. ಈಗಿರೋವು ನಿನ್ನ ಹೊಗೆ ಕಂಡೇ ಇಲ್ಲ."

"ಇವಳದು?" ಅಂದಳು ಅಮ್ಮ.

"ಹೆಂಗಸರದ್ದು ಹಾಗಲ್ಲಮ್ಮ. ಇವಳು ನಿನ್ನ ಹೊಟ್ಟೇಲಿದ್ದಾಗಲೇ ಇವಳ ಮೊಟ್ಟೆಗಳೆಲ್ಲ ಆಗಿಹೋಗಿದ್ವು. ಅರ್ಧ ದಾರಿಗೆ ಬಂದು ಮಲಗಿಬಿಡ್ತವೆ. ದೊಡ್ಡವಳಾದ ಮೇಲೆ ತಿಂಗಳಿಗೊಂದು ಪೂರ್ತಿ ಬಲಿಯುತ್ತೆ."

ಅಮ್ಮ ತೊಳೆಯುತ್ತಿದ್ದ ಲೋಟ ಕೆಳಗಿಟ್ಟಳು. "ಇವಳು ಹೊಟ್ಟೇಲಿದ್ದಾಗ ನನಗೆ ಕಾಮಾಲೆ ಆಗಿತ್ತು. ನೀರು ಕುಡಿದ್ರೂ ವಾಂತಿ. ಹಾಗಾದ್ರೆ ನಾನೇ ಕೆಡಿಸಿದ್ದು."

ಕುಂಬಳಕಾಯಿ ಕಳ್ಳ ಅಂದರೆ ಕದಿಯದೆಯೂ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ನಮ್ಮಮ್ಮ. ಹಾಗೇನಿಲ್ಲ ಎಂದು ಅಕ್ಕ ಎಷ್ಟು ಹೇಳಿದರೂ ಕೇಳದೆ ಅಮ್ಮ ಊಟ ಬಿಟ್ಟು ಮಲಗಿದಳು. ನನಗೆ ಅಕ್ಕನ ಮೇಲೆ ಸಿಟ್ಟು ಬಂತು. ವರ್ಷಗಟ್ಟಲೆ ತುಟಿ ಬಿಚ್ಚದವಳಿಗೆ ಬಿಚ್ಚಲು ಇದೇ ಹೊತ್ತು ಸಿಕ್ಕಿತೇ?

ಮರುದಿನ ನನ್ನಿಂದ ಐದು ಅಂಡಾಣು ತೆಗೆದರು. ಐದೂ ಎಳಸು. ಡಾಕ್ಟರು "ನೋಡೋಣ" ಅಂದರು. ಆ ಮಾತಿನ ಅರ್ಥ ಎರಡು ಸಲ ಸೋತವಳಿಗೆ ಗೊತ್ತು. ಅಕ್ಕ ಅವನ್ನು ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟಳು. ಹೊರಗೆ ಬಂದ ಮೇಲೂ ಬಲಿಯುವುದುಂಟು, ಅಪರೂಪಕ್ಕೆ.

ಮಾರನೆಯ ಬೆಳಿಗ್ಗೆ ಲ್ಯಾಬಿನಿಂದ ಅಕ್ಕನ ಫೋನು ಬಂತು. ನನಗಲ್ಲ, ಅಮ್ಮನಿಗೆ.

"ಅಮ್ಮ, ಒಂದು ಬಲಿತಿದೆ. ಮಣಿ ಕಾಣ್ತಿದೆ. ನೀನೇನೂ ಕೆಡಿಸಿಲ್ಲ, ಕೇಳಿಸ್ತಾ?"

ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ನನಗೂ ಆಸೆ ಹುಟ್ಟಿತು. ಬೇಡವೆಂದರೂ ಹುಟ್ಟುವ ಹಾಳು ಆಸೆ.

ಆ ಒಂದರೊಳಗೆ ಅಕ್ಕನೇ ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ವೀರ್ಯಾಣು ಬಿಟ್ಟಳು. ಮಾರನೆಯ ದಿನ ಒಳಗೆ ಎರಡು ಚುಕ್ಕೆ ಕಾಣಬೇಕು, ನನ್ನದೊಂದು, ನಮ್ಮವರದೊಂದು. ಕಾಣಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈ ಸಲ ಅಕ್ಕ ಫೋನು ಮಾಡಲಿಲ್ಲ. ಸಂಜೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತಳು.

"ಸೇರಲಿಲ್ಲ ಕಣೆ. ಯಾಕೆ ಅಂತ ನನಗೂ ಗೊತ್ತಿಲ್ಲ."

ನನಗೆ ದುಃಖಕ್ಕಿಂತ ಮೊದಲು ಸುಸ್ತಾಯಿತು. ಇನ್ನು ಸೂಜಿ ಇಲ್ಲವಲ್ಲ ಎಂಬ ನೆಮ್ಮದಿಯೂ ಜೊತೆಗೇ ಬಂತು, ಅದಕ್ಕೆ ನಾಚಿಕೆಯೂ ಆಯಿತು. ನಮ್ಮವರು ಬಂದು ನನ್ನ ಪಕ್ಕ ಕೂತರು.

ಅಮ್ಮ ಕಾಮಾಲೆಯ ಮಾತೆತ್ತಲಿಲ್ಲ. ಎಣ್ಣೆ ಬಿಸಿ ಮಾಡಿ ತಂದು, ಅಕ್ಕನ ಹಿಂದೆ ಕೂತು ಕುತ್ತಿಗೆ ತಿಕ್ಕತೊಡಗಿದಳು.

"ವಾಸನೆ ಎಣ್ಣೆ ಅಲ್ಲ ತಾನೆ? ನಾಳೆ ಕೆಲಸ ಇದೆ," ಅಂದಳು ಅಕ್ಕ.

"ಅಲ್ಲ ಕಣೆ." ಸ್ವಲ್ಪ ಹೊತ್ತು ತಿಕ್ಕಿ ಅಮ್ಮ ಕೇಳಿದಳು, "ನನ್ನ ಹೊಟ್ಟೆಯಿಂದ ಹೊರಟಿದ್ದು ನಿನ್ನ ಕೈವರೆಗೂ ಬಂತಲ್ಲ. ಹೇಗಿತ್ತೇ ಅದು?"

ಅಕ್ಕ "ಇತ್ತು" ಅನ್ನುತ್ತಾಳೆ ಎಂದುಕೊಂಡೆ.

"ದುಂಡಗಿತ್ತಮ್ಮ," ಅಂದಳು. "ತುಂಬಾ ಚೆಂದ ಇತ್ತು." ಅಂದವಳೇ ಹಿಂದಕ್ಕೆ ತಿರುಗಿ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟಳು.