ಮಳೆಯಷ್ಟೇ ಉಳಿದ ಚಿತ್ರ

ನಾನು ನಿವೃತ್ತಳಾಗುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಆಗ ನ್ಯೂಯಾರ್ಕಿನ ಒಂದು ಮ್ಯೂಸಿಯಂನಲ್ಲಿ ಪೇಪರ್ ಕನ್ಸರ್ವೇಟರ್ ಆಗಿದ್ದೆ; ಅಂದರೆ ಹಳೆಯ ಚಿತ್ರ, ಪತ್ರ, ನಕಾಶೆಗಳ ಕಾಗದಕ್ಕೆ ಆರೈಕೆ ಮಾಡುವ ಕೆಲಸ. ಜಪಾನಿ ಮರದಚ್ಚಿನ ಚಿತ್ರಗಳೇ ನನ್ನ ಪಾಲಿಗೆ ಹೆಚ್ಚು ಬರುತ್ತಿದ್ದವು. ವಾರದ ಕೊನೆಯಲ್ಲಿ ಹ್ಯಾರಿಸನ್ ಊರಿನ ನನ್ನ ಮನೆಯಲ್ಲಿ ಖಾಸಗಿ ಕೆಲಸವನ್ನೂ ಒಪ್ಪಿಕೊಳ್ಳುತ್ತಿದ್ದೆ.

ಏಪ್ರಿಲ್‌ನ ಒಂದು ಶನಿವಾರ ವುಡ್‌ಬ್ರಿಡ್ಜ್‌ನಿಂದ ಸುಮಿತ್ರಾ ಬಂದರು. ಮೂಲ ಧಾರವಾಡದವರು. ಅವರ ಮಗಳು ಅನಘಾ ಪಿಸ್ಕಾಟವೇಯಲ್ಲಿ ಓದುತ್ತ, ಬಿಡುವಿನಲ್ಲಿ ಮರದಚ್ಚು ಕಲಿಯುತ್ತಿದ್ದವಳು, ಜನವರಿಯಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಅಚ್ಚಿನ ಹಲಗೆಗಳನ್ನು ರೂಮ್‌ಮೇಟ್‌ಗಳು ತಿಳಿಯದೆ ಕಸಕ್ಕೆ ಹಾಕಿದ್ದರು. ಉಳಿದದ್ದು ಒಂದೇ ಪ್ರತಿ. ಅದೂ ಬೇಸ್‌ಮೆಂಟ್‌ನ ತೇವಕ್ಕೆ ಮುದುಡಿತ್ತು.

“ಸುಕ್ಕು ಬಿದ್ದದ ನೋಡ್ರಿ. ಸ್ವಲ್ಪ ನೆಟ್ಟಗ ಮಾಡಿಕೊಡ್ರಿ,” ಎಂದರು.

ಬೇರೆಯವರಾಗಿದ್ದರೆ ಕಾಗದದ ಸ್ಥಿತಿ ದಾಖಲಿಸುವ ಮೂರು ಪುಟದ ಕಂಡಿಷನ್ ರಿಪೋರ್ಟ್ ತುಂಬಿಸುತ್ತಿದ್ದೆ. ಅದಕ್ಕಾಗಿ ಕೋಣೆ ಕತ್ತಲಾಗಿಸಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಕಾಗದದ ಉಬ್ಬುತಗ್ಗು ಪರೀಕ್ಷಿಸುತ್ತಿದ್ದೆ. ನಮ್ಮವರ ಮುಂದೆ ಫಾರ್ಮ್ ಇಡುವುದಕ್ಕೆ ನನಗೆ ಮೊದಲಿನಿಂದಲೂ ಸಂಕೋಚ. ಮಗಳನ್ನು ಕಳೆದುಕೊಂಡವರ ಮುಂದಂತೂ ಬಾಯಿಯೇ ಬರಲಿಲ್ಲ. ಚಹಾ ಕೊಟ್ಟು, ನಾಲ್ಕು ಮಾತಾಡಿ, ಚಿತ್ರ ಇಸಿದುಕೊಂಡೆ.

ಒಂದು ಕಪ್ಪು ಕೊಂಬೆ, ಅದರ ಮೇಲೆ ಓರೆಯಾಗಿ ಸುರಿಯುವ ಬೂದು ಮಳೆ. ಕೂದಲೆಳೆಯಷ್ಟು ಸಣ್ಣ ಗೆರೆಗಳು. ಗೆರೆಯನ್ನಷ್ಟೇ ಉಳಿಸಿ ಸುತ್ತಲಿನ ಮರ ಕೆತ್ತಿ ತೆಗೆಯುವುದು ಹುಡುಗಾಟವಲ್ಲ. ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಮಳೆಯಲ್ಲಿ ಚೆರ್ರಿ’ ಎಂದು ಬರೆದಿದ್ದಳು. ಜಪಾನಿ ಚಿತ್ರಗಳಲ್ಲಿ ಚೆರ್ರಿ ಎಂದರೆ ಹೂವು. ಆ ಹೂವೇ ಇಲ್ಲವಲ್ಲ, ಪಾಪ, ಮುಗಿಸುವ ಮೊದಲೇ ಹೋಗಿಬಿಟ್ಟಳು ಎಂದುಕೊಂಡೆ. ತೇವ ಕೊಟ್ಟು, ನೀರು ಹೀರುವ ದಪ್ಪ ಕಾಗದಗಳ ನಡುವೆ ಇಟ್ಟು, ಭಾರ ಹೇರಿ ಒಂದು ವಾರ ಬಿಟ್ಟೆ. ಹಾಳೆ ಇಸ್ತ್ರಿ ಮಾಡಿದಂತೆ ಬಂತು. ನನಗೆ ಹೆಮ್ಮೆಯೇ ಆಯಿತು.

ಸುಮಿತ್ರಾ ಬಂದವರೇ ಕಣ್ಣು ಮುಚ್ಚಿ ಕೊಂಬೆಯ ಸುತ್ತ ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು.

“ಮೇಡಂ, ಹೂವು ಎಲ್ಲಿ ಹೋದ್ವು?”

ಆಗ ಹೊಳೆಯಿತು. ಅನಘಾ ಎಸಳುಗಳನ್ನು ಬಣ್ಣವಿಲ್ಲದೆ ಅಚ್ಚೊತ್ತಿದ್ದಳು. ಕೆತ್ತಿದ ಹಲಗೆಯ ಮೇಲೆ ಬರಿಯ ಕಾಗದವನ್ನು ಒತ್ತಿ ಉಬ್ಬಿಸುವ ಜಪಾನಿ ವಿಧಾನವದು. ಮ್ಯೂಸಿಯಂನಲ್ಲಿ ಅಂಥವನ್ನು ಎಷ್ಟೋ ಸಲ ಕೈಯಾರೆ ಎತ್ತಿಟ್ಟವಳು ನಾನು. ಈಗ ಓರೆ ಬೆಳಕು ಹಾಕಿದೆ. ಒಂದೇ ಒಂದು ಎಸಳು ಕಂಡಂತಾಯಿತು, ಅದೂ ಅನುಮಾನ. ತೇವ ಕೊಟ್ಟು ಭಾರ ಹೇರಿದ ಮೇಲೆ ಆ ಉಬ್ಬು ಮತ್ತೆ ಏಳುವುದಿಲ್ಲ.

ಇದ್ದದ್ದನ್ನು ಇದ್ದಂತೆ ಹೇಳಿ ತಪ್ಪೊಪ್ಪಿಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಸಿಕ್ಕಾಗಿನಿಂದ ದಿನಾ ಮುಂಜಾನೆ ಮುಟ್ಟಿ ನೋಡ್ತಿದ್ದೆ. ನಿಮಗ ಗೊತ್ತೇ ಇರ್ತದ ಅಂತ ಹೇಳ್ಲಿಲ್ಲ,” ಎಂದು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು, “ಇರ್ಲಿ ಬಿಡ್ರಿ. ಮಳಿ ಅದ ಅಲ್ಲ,” ಎಂದರು. ಅವರು ಹೋದ ಮೇಲೆ ಅವರು ಕೂತಿದ್ದ ಕುರ್ಚಿಯಲ್ಲೇ ಕೂತು ಅತ್ತೆ.

ನಮ್ಮವರು ಎಂಬ ಸಲಿಗೆಯಲ್ಲಿ ನಾನು ಕೇಳಲಿಲ್ಲ, ಅದೇ ಸಲಿಗೆಯಲ್ಲಿ ಅವರು ಹೇಳಲಿಲ್ಲ. ಉಳಿದ ಎರಡು ವರ್ಷ, ಯಾರೇ ಬರಲಿ, ಕಾಗದಕ್ಕೆ ಕೈ ಹಚ್ಚುವ ಮೊದಲು ಒಂದು ಮಾತು ಕೇಳುತ್ತಿದ್ದೆ: “ಇದನ್ನು ನೀವು ಎಲ್ಲಿ ಮುಟ್ಟುತ್ತೀರಿ, ತೋರಿಸಿ.”