ರೆಕ್ಕೆಗೆ ಇಟ್ಟ ಗಂಧದ ಬೊಟ್ಟು

ನಾನು ಚಿಕ್ಕವಳಿದ್ದಾಗ ಅಪ್ಪನಿಗೆ ಬರೋಡಾಕ್ಕೆ ವರ್ಗವಾಗಿ, ಫತೇಗಂಜಿನಲ್ಲಿ ಮನೆ ಮಾಡಿದ್ದೆವು. ಅಕ್ಕ ಇಂಜಿನಿಯರಿಂಗ್ ಓದುತ್ತಿದ್ದಳು. ಮೊಳದುದ್ದದ ಮರದ ವಿಮಾನ-ರೆಕ್ಕೆಯೊಂದನ್ನು ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ನುಣುಪು ಮಾಡಿದ್ದಳು. ನಾವು ಮುಟ್ಟಿದರೆ ಸಾಕು, ಮೈಮೇಲೆ ಬರುತ್ತಿದ್ದಳು!

ಅವಳ ಕಾಲೇಜಿನಲ್ಲಿ ಗಾಳಿಸುರಂಗವಿತ್ತು. ಅಂದರೆ ಕೋಣೆಯುದ್ದದ ಮರದ ಕೊಳವೆ, ತುದಿಯಲ್ಲಿ ದೈತ್ಯ ಫ್ಯಾನು. ಒಳಗೆ ರೆಕ್ಕೆ ನಿಲ್ಲಿಸಿ ಗಾಳಿ ಬಿಟ್ಟರೆ, ಗಾಳಿ ಅದನ್ನು ಎಷ್ಟು ಮೇಲೆತ್ತುತ್ತದೆಂದು ತಕ್ಕಡಿಯ ಮುಳ್ಳು ತೋರಿಸುತ್ತಿತ್ತು. ಅಕ್ಕನ ರೆಕ್ಕೆಯ ಮೂತಿ ತುಸು ಹೆಚ್ಚು ಎತ್ತಿದರೆ ಮುಳ್ಳು ದೊಪ್ಪನೆ ಬೀಳುತ್ತಿತ್ತು. ದಸರೆಯ ಮರುದಿನ ಅವಳ ಕೊನೆಯ ಸರದಿ. ಅಂದೂ ಬಿದ್ದರೆ ಇನ್ನೊಂದು ವರ್ಷ ಓದಬೇಕು.

ಆಯುಧಪೂಜೆಯ ದಿನ ಅಪ್ಪನ ಸ್ಕೂಟರಿಗೂ ಅಮ್ಮನ ಈಳಿಗೆಮಣೆಗೂ ಗಂಧ, ಕುಂಕುಮ, ಹೂವು. ಪಾಪ, ರೆಕ್ಕೆಗೆ ಮಾತ್ರ ಏನೂ ಇಲ್ಲ! ನನಗೆ ತಡೆಯಲಾಗಲಿಲ್ಲ. ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ, ಗಟ್ಟಿಯಾಗಿ ತೇಯ್ದ ಗಂಧವನ್ನು ಮುಂದಿನ ಅಂಚಿನುದ್ದಕ್ಕೂ ಬೊಟ್ಟುಬೊಟ್ಟಾಗಿ ಇಟ್ಟು, ಒಣಗಿದ ಮೇಲೆ ಮತ್ತೆ ಸುತ್ತಿಟ್ಟೆ.

ದಸರೆಯ ದಿನ ಬೀದಿಯವರೆಲ್ಲರ ಜೊತೆ ಕಡಲೆಹಿಟ್ಟಿನ ಫಾಫ್ಡಾ, ಜಿಲೇಬಿ ತಿಂದೆವು. ಮರುದಿನ ಹಟ ಮಾಡಿ ಅಕ್ಕನ ಹಿಂದೆ ಕಾಲೇಜಿಗೆ ಹೋದೆ. ರೆಕ್ಕೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದ ಅಕ್ಕನ ಮುಖ ಕಪ್ಪಿಟ್ಟಿತು.

"ಏನೇ ಮಾಡಿಟ್ಟಿದ್ದೀಯ, ಶನಿ!" ಎಂದು ಒದ್ದೆ ಬಟ್ಟೆ ತೆಗೆದುಕೊಂಡಳು. ನನಗೆ ಅಳುವೇ ಬಂತು. ಗುಜರಾತಿನವರಾದ ಅವಳ ಮೇಷ್ಟ್ರು ಕೈ ತಡೆದರು.

"ರಹೇವಾ ದೇ," ಎಂದರು. ಇರಲಿ ಬಿಡು, ಗಾಳಿ ಏನನ್ನುತ್ತದೋ ನೋಡೋಣ ಅಂತ.

ಫ್ಯಾನು ಗುಂಯ್ ಎಂದಿತು. ಅಕ್ಕ ರೆಕ್ಕೆಯ ಮೂತಿಯನ್ನು ಇಷ್ಟಿಷ್ಟೇ ಎತ್ತಿದಳು. ಮುಳ್ಳು ದಿನಾ ಬೀಳುತ್ತಿದ್ದ ಜಾಗ ಬಂತು, ದಾಟಿತು, ಇನ್ನೂ ಏರಿತು! ಮೇಷ್ಟ್ರು ಬೊಟ್ಟು ಒರೆಸಿಸಿ ನೋಡಿದರು, ಮುಳ್ಳು ಬಿತ್ತು. ಅಕ್ಕ ಸೈಕಲ್ಲೇರಿ ಮನೆಯಿಂದ ಗಂಧ ತಂದಳು. ನನ್ನ ಕೈಯಿಂದಲೇ ಇಡಿಸಿದರು, ಮತ್ತೆ ಏರಿತು. ರೆಕ್ಕೆಯಿಂದ ಬೇಗ ಕಳಚಿಕೊಳ್ಳುತ್ತಿದ್ದ ಗಾಳಿ, ಆ ಪುಟ್ಟ ಉಬ್ಬುಗಳಿಗೆ ಬಡಿದು ಕದಡಿ, ರೆಕ್ಕೆಗೇ ಅಂಟಿಕೊಂಡು ಹರಿಯುತ್ತದಂತೆ. ಅಕ್ಕ ನನ್ನನ್ನು ಎತ್ತಿಕೊಂಡು ಗರ್ಬಾ ಕುಣಿದುಬಿಟ್ಟಳು.

ಈಗ ಗುಜರಾತಿನದೇ ಬೋಡಕ್‌ದೇವ್ ಬಡಾವಣೆಯ ಫ್ಲ್ಯಾಟಿನಲ್ಲಿ ನನ್ನ ಮೊಮ್ಮಗಳು ಲ್ಯಾಪ್‌ಟಾಪಿನೊಳಗೇ ರೆಕ್ಕೆ ಮಾಡಿ, ಅದರೊಳಗೇ ಗಾಳಿ ಬೀಸುತ್ತಾಳೆ. ಫ್ಯಾನಿಲ್ಲ, ಮುಳ್ಳಿಲ್ಲ, ಸದ್ದೂ ಇಲ್ಲ. ಕನ್ನಡ ಅವಳಿಗೆ ಅಷ್ಟಕ್ಕಷ್ಟೇ. ಈ ಕಥೆಯನ್ನು ಮಾತ್ರ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಾಳೆ. ಈ ಸಲದ ಆಯುಧಪೂಜೆಗೆ ನಾನು ಆ ಲ್ಯಾಪ್‌ಟಾಪಿಗೂ ಗಂಧ ಇಟ್ಟೆ. ಅವಳಮ್ಮ ಗಾಬರಿಯಾಗಿ ಒರೆಸಲು ಬಂದಾಗ ಹುಡುಗಿ ಕೈ ಅಡ್ಡ ಹಿಡಿದಳು.

"ರಹೇವಾ ದೇ, ಮಮ್ಮಿ."